ನಗಿಸುವುದು ದೆವ್ವವೋ, ದೆವ್ವಕ್ಕೆ ಹೆದರುವವರೋ? ಹಾರರ್ ಕಾಮಿಡಿ ಆರಿಸುವ ಮೊದಲು

ನನ್ನ ತಂಗಿಗೆ ದೆವ್ವದ ಸಿನಿಮಾ ಆಗಿಬರುವುದಿಲ್ಲ. ಒಂದು ರಾತ್ರಿ "ಇದು ಕಾಮಿಡಿ ಕಣೇ, ಸುಮ್ನೆ ಬಾ" ಎಂದು ಒತ್ತಾಯ ಮಾಡಿ ಕೂರಿಸಿದೆ. ಹಾಕಿದ್ದು 1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'. ಶುರುವಿನಲ್ಲಿ ಇಬ್ಬರು ಗೆಳೆಯರು ಹರಟುತ್ತಾ ನಡೆಯುವಾಗ ಚೆನ್ನಾಗಿಯೇ ನಕ್ಕಳು. ತೋಳ ಮೇಲೆ ಬಿದ್ದ ಕೂಡಲೇ ದಿಂಬು ಮುಖಕ್ಕೆ ಬಂತು. ಅರ್ಧ ಸಿನಿಮಾ ಆಗುವಷ್ಟರಲ್ಲಿ ಎದ್ದು ಹೋದಳು. ಆ ರಾತ್ರಿ ಅವಳ ರೂಮಿನ ಲೈಟ್ ಆರಲೇ ಇಲ್ಲ.

ಸಿನಿಮಾ ಕೆಟ್ಟದಾಗಿತ್ತು ಅಂತಲ್ಲ. ನನಗೆ ತುಂಬಾ ಇಷ್ಟವಾದ ಸಿನಿಮಾಗಳಲ್ಲಿ ಅದೂ ಒಂದು. ಆದರೆ ಅವಳಿಗೆ ಹಾಕುವ ಸಿನಿಮಾ ಅದಲ್ಲ. ಹಾರರ್ ಕಾಮಿಡಿ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಮಕ್ಕಳು ನೋಡಿ ಕುಣಿಯುವ ಸಿನಿಮಾವೂ ಇದೆ, ಗಟ್ಟಿ ಗುಂಡಿಗೆಯವರೂ ಕಣ್ಣು ಮುಚ್ಚಿಕೊಳ್ಳುವ ಸಿನಿಮಾವೂ ಇದೆ. ಹಣೆಪಟ್ಟಿ ನೋಡಿ ಆರಿಸಿದರೆ ಮೋಸ ಹೋಗುತ್ತೀರಿ.

ಆಮೇಲಿಂದ ನಾನು ಯಾವ ಸಿನಿಮಾ ಹಾಕುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಲ್ಲಿ ನಗಿಸುವುದು ಯಾರು? ದೆವ್ವವೋ, ದೆವ್ವಕ್ಕೆ ಹೆದರುವ ಜನರೋ?

ದೆವ್ವವೇ ನಗಿಸಿದರೆ ಭಯ ಅಲ್ಲಿಗೇ ಕರಗುತ್ತದೆ. ಅಂಥದ್ದನ್ನು ಯಾರ ಜೊತೆಗಾದರೂ ನೋಡಬಹುದು. ಜನ ನಗಿಸುತ್ತಾ ಇದ್ದು, ದೆವ್ವ ಮಾತ್ರ ತಮಾಷೆಗೆ ಇಳಿಯದೆ ತನ್ನ ಪಾಡಿಗೆ ಕೊಲ್ಲುತ್ತಾ ಹೋದರೆ ಭಯ ಪೂರ್ತಿ ಉಳಿಯುತ್ತದೆ. ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ. ಯಾಕೆಂದರೆ ಈಗಷ್ಟೇ ನಮ್ಮನ್ನು ನಗಿಸಿದ ಮನುಷ್ಯನ ಮೇಲೆ ನಮಗೆ ಪ್ರೀತಿ ಹುಟ್ಟಿರುತ್ತದೆ. ಅವನಿಗೆ ಏನಾದರೂ ಆದರೆ ಸಹಿಸುವುದು ಕಷ್ಟ.

ಇದು ಹಳೆಯ ಗುಟ್ಟು. 1948ರಲ್ಲೇ 'ಆ್ಯಬಟ್ ಆ್ಯಂಡ್ ಕಾಸ್ಟೆಲೊ ಮೀಟ್ ಫ್ರಾಂಕನ್‌ಸ್ಟೈನ್' ಬಂತು. ಅದರಲ್ಲಿ ಡ್ರಾಕುಲಾ ಆದವರು ಬೇಲಾ ಲುಗೋಸಿ, ತೋಳಮನುಷ್ಯ ಆದವರು ಲಾನ್ ಚೇನಿ ಜೂನಿಯರ್. ಇಬ್ಬರೂ ನಿಜವಾದ ಹಾರರ್ ಸಿನಿಮಾಗಳಲ್ಲಿ ಅವೇ ಪಾತ್ರ ಮಾಡಿ ಹೆಸರಾದವರು. ಈ ಕಾಮಿಡಿಯಲ್ಲೂ ಅವರು ಒಂದು ಜೋಕನ್ನೂ ಹೊಡೆಯಲು ಹೋಗಲಿಲ್ಲ. ಪಾತ್ರವನ್ನು ಗಂಭೀರವಾಗಿಯೇ ಮಾಡಿದರು. ಓಡುವುದು, ಬೀಳುವುದು, ಕಿರುಚುವುದು ಎಲ್ಲಾ ಆ್ಯಬಟ್, ಕಾಸ್ಟೆಲೊ ಎಂಬ ಕಾಮಿಡಿ ಜೋಡಿಯ ಪಾಲು. ಇಂದಿಗೂ ಆ ಸಿನಿಮಾ ನಿಂತಿರುವುದು ಈ ಹಂಚಿಕೆಯ ಮೇಲೆ.

ನಗುವಿಗೂ ಭಯಕ್ಕೂ ಇರುವ ನಂಟು ನೋಡಿ. ಜೋಕ್ ಹೇಗೆ ಕೆಲಸ ಮಾಡುತ್ತದೆ? ಮೊದಲು ನಮ್ಮನ್ನು ಒಂದು ದಾರಿಯಲ್ಲಿ ಕರೆದುಕೊಂಡು ಹೋಗಬೇಕು, ಆಮೇಲೆ ಒಂದು ಕ್ಷಣ ತಡೆಯಬೇಕು, ಆಮೇಲೆ ನಾವು ಎಣಿಸದೇ ಇದ್ದದ್ದನ್ನು ತಂದು ಎದುರಿಗೆ ನಿಲ್ಲಿಸಬೇಕು. ಜಂಪ್ ಸ್ಕೇರ್ ಕೂಡ ಅಷ್ಟೇ. ಕತ್ತಲ ಕಾರಿಡಾರ್, ಮೌನ, ಆಮೇಲೆ ಧಡ್ ಎಂದು ಏನೋ. ಎರಡರಲ್ಲೂ ಅರ್ಧ ಸೆಕೆಂಡು ಹೆಚ್ಚುಕಮ್ಮಿ ಆದರೆ ಕೆಲಸ ಕೆಟ್ಟಿತು. ಬಾಗಿಲು ತೆರೆದಾಗ ಬೆಕ್ಕು ಹಾರಿದರೆ ನಕ್ಕು ಉಸಿರು ಬಿಡುತ್ತೇವೆ. ಮೈ ಸಡಿಲವಾಗಿರುವ ಆ ಗಳಿಗೆಯಲ್ಲೇ ಹಿಂದಿನಿಂದ ನಿಜವಾದದ್ದು ಬರುತ್ತದೆ. ಒಳ್ಳೆಯ ಹಾರರ್ ಕಾಮಿಡಿಯಲ್ಲಿ ನಗುವೇ ಬಲೆ.

ಇನ್ನು ಒಂದೊಂದಾಗಿ ಹೋಲಿಸೋಣ.

ಹೆದರುವವರು ಪಕ್ಕದಲ್ಲಿದ್ದರೆ

ನನ್ನ ಮೊದಲ ಆಯ್ಕೆ 'ವಾಟ್ ವಿ ಡೂ ಇನ್ ದಿ ಶ್ಯಾಡೋಸ್' (2014). ತೈಕಾ ವೈಟಿಟಿ ಮತ್ತು ಜೆಮೇನ್ ಕ್ಲೆಮೆಂಟ್ ಸೇರಿ ಬರೆದು, ನಿರ್ದೇಶಿಸಿ, ತಾವೇ ನಟಿಸಿದ ನ್ಯೂಜಿಲೆಂಡ್ ಸಿನಿಮಾ. ನೂರಾರು ವರ್ಷ ವಯಸ್ಸಿನ ರಕ್ತಪಿಶಾಚಿಗಳು ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದಾರೆ, ಒಂದು ಸಾಕ್ಷ್ಯಚಿತ್ರ ತಂಡ ಅವರನ್ನು ಚಿತ್ರೀಕರಿಸುತ್ತಿದೆ ಎಂಬಂತೆ ಇಡೀ ಸಿನಿಮಾ ಸಾಗುತ್ತದೆ. ಐದು ವರ್ಷದಿಂದ ಪಾತ್ರೆ ತೊಳೆಯದವನ ಮೇಲೆ ಮನೆಯಲ್ಲಿ ಮೀಟಿಂಗ್ ನಡೆಯುತ್ತದೆ. ಯಾರಾದರೂ ಒಳಗೆ ಕರೆಯದೆ ಪಿಶಾಚಿ ಹೊಸ್ತಿಲು ದಾಟುವಂತಿಲ್ಲ ಎಂಬ ನಿಯಮ ಇದೆಯಲ್ಲ, ಅದರಿಂದಾಗಿ ಇವರು ಕ್ಲಬ್ಬಿನ ಬಾಗಿಲಲ್ಲಿ ನಿಂತು "ಒಳಗೆ ಬನ್ನಿ ಅನ್ನಿ" ಎಂದು ಬೇಡಿಕೊಳ್ಳುತ್ತಾರೆ. ಕುತ್ತಿಗೆ ಕಚ್ಚುವ ಮೊದಲು ಒಬ್ಬ ನೆಲ ಕೊಳೆಯಾಗಬಾರದು ಎಂದು ನ್ಯೂಸ್‌ಪೇಪರ್ ಹಾಸುತ್ತಾನೆ. ಆಮೇಲೆ ತಪ್ಪಿ ದೊಡ್ಡ ರಕ್ತನಾಳಕ್ಕೇ ಹಲ್ಲು ಹಾಕಿ ಕಾರಂಜಿ ಚಿಮ್ಮಿಸಿಬಿಡುತ್ತಾನೆ. ರಕ್ತ ಇದೆ, ಆದರೆ ಭಯ ಇಲ್ಲ. ಇಲ್ಲಿ ದೆವ್ವಗಳೇ ನಗಿಸುತ್ತವೆ.

ಇದರ ಪಕ್ಕದಲ್ಲಿ 1984ರ 'ಘೋಸ್ಟ್‌ಬಸ್ಟರ್ಸ್' ಇಡಿ. ಅದರಲ್ಲಿ ಎರಡೂ ಬಗೆ ಬೆರೆತಿದೆ. ಲೈಬ್ರರಿಯಲ್ಲಿ ಪುಸ್ತಕ ಓದುತ್ತಾ ಕೂತ ಅಜ್ಜಿ ದೆವ್ವ "ಶ್ಶ್" ಎಂದು ಬೆರಳಿಟ್ಟಾಗ ನಗು ಬರುತ್ತದೆ. ಮರುಕ್ಷಣ ಅದೇ ಮುಖ ಬದಲಾಗಿ ಮೇಲೆ ಎರಗಿದಾಗ ಎದೆ ಧಸಕ್ಕೆನ್ನುತ್ತದೆ. ಅಷ್ಟಾದರೂ ಸಿನಿಮಾದ ಒಟ್ಟು ಮನಸ್ಸು ಹಗುರ. ಸ್ವಲ್ಪವೇ ಸ್ವಲ್ಪ ಭಯ ಬೇಕು ಅನ್ನುವವರಿಗೆ ಇದು, ಅದೂ ಬೇಡ ಅನ್ನುವವರಿಗೆ ಮೊದಲಿನದು.

'ಟಕರ್ ಆ್ಯಂಡ್ ಡೇಲ್ ವರ್ಸಸ್ ಈವಿಲ್' (2010) ಕೂಡ ಭಯ ಹುಟ್ಟಿಸುವುದಿಲ್ಲ. ಆದರೆ ರಕ್ತ ಕಂಡರೆ ತಲೆಸುತ್ತು ಬರುವವರಿಗೆ ಬೇಡ. ಕಾಡಿನಲ್ಲಿ ಹಳೆಯ ಮನೆ ಕೊಂಡ ಇಬ್ಬರು ಸಾಧು ಮನುಷ್ಯರನ್ನು ಕಾಲೇಜು ಹುಡುಗರ ಗುಂಪು ಕೊಲೆಗಾರರೆಂದು ತಿಳಿಯುತ್ತದೆ. ಮರ ಕೊಯ್ಯುವಾಗ ಜೇನುಗೂಡಿಗೆ ಗರಗಸ ತಾಗಿ, ಟಕರ್ ಓಡುತ್ತಿರುವ ಗರಗಸವನ್ನು ಬೀಸುತ್ತಾ ಜೇನಿನಿಂದ ತಪ್ಪಿಸಿಕೊಳ್ಳಲು ಓಡುತ್ತಾನೆ. ನೋಡುವ ಹುಡುಗನಿಗೆ ಕಾಣುವುದು ಗರಗಸ ಹಿಡಿದ ಹಂತಕ. ಅವನು ಓಡಿ ಹೋಗಿ ತಾನೇ ಮರದ ಕೊಂಬೆಗೆ ಚುಚ್ಚಿಕೊಂಡು ಸಾಯುತ್ತಾನೆ. ಇಲ್ಲಿ ದೆವ್ವವೇ ಇಲ್ಲ, ಬರೀ ಹೆದರುವವರು. ನನಗೆ ಇದರಲ್ಲಿ ಇಷ್ಟವಾಗುವುದು ಡೇಲ್‌ನ ಒಳ್ಳೆಯತನ. ಅಷ್ಟು ಹೆಣ ಬಿದ್ದರೂ ಸಿನಿಮಾ ಮುಗಿದಾಗ ಮನಸ್ಸು ಬೆಚ್ಚಗಿರುತ್ತದೆ.

ಮಕ್ಕಳು ಕೂತಿದ್ದರೆ

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. 'ಗ್ರೆಮ್ಲಿನ್ಸ್' (1984) ಪೋಸ್ಟರ್ ನೋಡಿದರೆ ಮುದ್ದು ಪ್ರಾಣಿಯ ಕಥೆ ಅನ್ನಿಸುತ್ತದೆ. ಶುರುವೂ ಹಾಗೇ ಇದೆ. ಆಮೇಲೆ ಅಡುಗೆಮನೆಯಲ್ಲಿ ತಾಯಿಯೊಬ್ಬಳು ಗ್ರೆಮ್ಲಿನ್ ಎಂಬ ದುಷ್ಟ ಪುಟ್ಟ ಜೀವಿಯೊಂದನ್ನು ರುಬ್ಬಿ, ಇನ್ನೊಂದನ್ನು ಮೈಕ್ರೋವೇವಿನಲ್ಲಿ ಸಿಡಿಸುತ್ತಾಳೆ. ಆಗ ಅಮೆರಿಕದಲ್ಲಿ ಪಿಜಿ (ತಂದೆತಾಯಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಎಂಬ) ರೇಟಿಂಗ್ ಸಿಕ್ಕಿದ್ದ ಈ ಸಿನಿಮಾ ನೋಡಿ ತಂದೆತಾಯಿಯರು ಸಿಟ್ಟಾದರು. ಅದೇ ವರ್ಷ, 13ಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರಿಸುವ ಪಿಜಿ-13 ಎಂಬ ಹೊಸ ರೇಟಿಂಗ್ ಬರಲು ಕಾರಣವಾದ ಸಿನಿಮಾಗಳಲ್ಲಿ ಇದೂ ಒಂದು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ನಡುವೆ ನಾಯಕಿ ತನ್ನ ಅಪ್ಪ ಸತ್ತ ಬಗೆಯನ್ನು ಹೇಳುತ್ತಾಳೆ. ಆ ಮಾತು ಮುಗಿಯುವುದು ಸಾಂಟಾ ಕ್ಲಾಸ್ ನಿಜ ಅಲ್ಲ ಎಂಬಲ್ಲಿ. ಸಾಂಟಾ ಬರುತ್ತಾನೆ ಎಂದು ನಂಬಿರುವ ಮಗು ಪಕ್ಕದಲ್ಲಿದ್ದರೆ ಈ ಸಿನಿಮಾ ಇನ್ನೂ ಕೆಲವು ವರ್ಷ ಕಾಯಲಿ.

ಚಿಕ್ಕ ಮಕ್ಕಳಿಗೆ 'ಹೋಟೆಲ್ ಟ್ರಾನ್ಸಿಲ್ವೇನಿಯಾ' (2012) ಸಾಕು, ಅದರಲ್ಲಿ ಭಯವೇ ಇಲ್ಲ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಅದೇ ವರ್ಷದ 'ಪ್ಯಾರಾನಾರ್ಮನ್' ಹಾಕಿ. ಗೊಂಬೆಗಳನ್ನು ಒಂದೊಂದು ಫ್ರೇಮಿಗೂ ಚೂರುಚೂರೇ ಸರಿಸಿ ಮಾಡಿದ ಸ್ಟಾಪ್ ಮೋಷನ್ ಸಿನಿಮಾ ಅದು. ಸತ್ತವರು ಕಣ್ಣಿಗೆ ಕಾಣುವ ಹುಡುಗನ ಕಥೆ. ಭಯ ಇದೆ, ಆದರೆ ಆ ಭಯಕ್ಕೆ ಕಾರಣ ಏನು ಎಂದು ಸಿನಿಮಾ ಕೂತು ವಿಚಾರಿಸುತ್ತದೆ. ದೊಡ್ಡವರ ಕಣ್ಣೂ ಒದ್ದೆಯಾದೀತು.

ಎರಡೂ ಪೂರ್ತಿ ಬೇಕೆಂದರೆ

ನಗುವೂ ಬೇಕು, ಭಯವೂ ಬೇಕು, ಯಾವುದೂ ಅರ್ಧಂಬರ್ಧ ಆಗಬಾರದು ಅನ್ನುವವರಿಗೆ ಎರಡು ಸಿನಿಮಾ. ಒಂದು ನನ್ನ ತಂಗಿ ಎದ್ದು ಹೋದದ್ದು. ಇನ್ನೊಂದು ಎಡ್ಗರ್ ರೈಟ್ ನಿರ್ದೇಶನದ 'ಶಾನ್ ಆಫ್ ದಿ ಡೆಡ್' (2004). ಇವೆರಡರ ನಡುವೆ ಆರಿಸುವುದು ನನಗೇ ಕಷ್ಟ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

'ಶಾನ್'ನಲ್ಲಿ ನಾಯಕ ಬೆಳಿಗ್ಗೆ ಮನೆಯಿಂದ ಎದುರಿನ ಅಂಗಡಿಗೆ ಹೋಗಿ ಬರುತ್ತಾನೆ. ಕ್ಯಾಮೆರಾ ಎಲ್ಲೂ ಕಟ್ ಆಗದೆ ಹಿಂದೆಯೇ ಹೋಗುತ್ತದೆ. ಸ್ವಲ್ಪ ಹೊತ್ತಿನ ನಂತರ ಅದೇ ನಡಿಗೆ, ಅದೇ ರಸ್ತೆ, ಅದೇ ಅಂಗಡಿ ಮತ್ತೆ ಬರುತ್ತದೆ. ಈ ಸಲ ಊರೆಲ್ಲಾ ಜಾಂಬಿ. ಹಿಂದಿನ ರಾತ್ರಿ ಕುಡಿದದ್ದು ಇಳಿಯದ ಶಾನ್‌ಗೆ ಏನೂ ಗೊತ್ತಾಗುವುದಿಲ್ಲ. ಫ್ರಿಜ್ ಬಾಗಿಲಿನ ಗಾಜಿನ ಮೇಲೆ ರಕ್ತದ ಕೈಗುರುತು. ನೆಲದ ರಕ್ತಕ್ಕೆ ಕಾಲು ಜಾರುತ್ತದೆ. ಅವನು ಕೆಳಗೆ ನೋಡುವುದಿಲ್ಲ. ನಾವು ನೋಡುತ್ತೇವೆ. ಒಂದೇ ದೃಶ್ಯದಲ್ಲಿ ನಗುವೂ ಬರುತ್ತದೆ, 'ಅಯ್ಯೋ ತಿರುಗಿ ನೋಡೋ' ಎಂದು ಕೂಗಬೇಕು ಅಂತಲೂ ಅನ್ನಿಸುತ್ತದೆ. ಆ ಜಾಂಬಿಗಳು ಒಮ್ಮೆಯೂ ತಮಾಷೆ ಮಾಡುವುದಿಲ್ಲ, ನಿಧಾನ ನಡೆದು ಬಂದು ಕಚ್ಚುತ್ತವೆ ಅಷ್ಟೇ. ಕೊನೆಯ ಅರ್ಧ ಗಂಟೆಯಲ್ಲಿ ಪಬ್ಬಿನೊಳಗೆ ನಡೆಯುವುದನ್ನು ಹೇಳುವುದಿಲ್ಲ. ನಗುತ್ತಾ ಕೂತವರು ಅಲ್ಲಿ ಸುಮ್ಮನಾಗುವುದನ್ನು ಪ್ರತಿ ಸಲ ನೋಡಿದ್ದೇನೆ.

'ವೇರ್‌ವುಲ್ಫ್' ದಾರಿ ಬೇರೆ. ತೋಳದ ದಾಳಿಯಲ್ಲಿ ಸತ್ತ ಗೆಳೆಯ ಜ್ಯಾಕ್, ಆಸ್ಪತ್ರೆಯಲ್ಲಿ ಮಲಗಿರುವ ಡೇವಿಡ್‌ನನ್ನು ನೋಡಲು ಬರುತ್ತಾನೆ. ಗಂಟಲು ಹರಿದಿದೆ. ಮಾತಾಡಿದಾಗಲೆಲ್ಲಾ ಚರ್ಮದ ಒಂದು ಚೂರು ಅಲುಗಾಡುತ್ತಿರುತ್ತದೆ. ಆದರೆ ಮಾತು ಮಾತ್ರ ಹಳೆಯ ಗೆಳೆಯನ ಮಾತೇ. ಟೋಸ್ಟ್ ಒಂದು ಚೂರು ಸಿಗುತ್ತಾ ಎಂದು ಕೇಳುತ್ತಾನೆ. ಕಿವಿಗೆ ಜೋಕು, ಕಣ್ಣಿಗೆ ಆ ಚರ್ಮ. ಪ್ರತಿ ಭೇಟಿಗೂ ಜ್ಯಾಕ್ ಇನ್ನಷ್ಟು ಕೊಳೆತಿರುತ್ತಾನೆ, ಹರಟೆ ಮಾತ್ರ ನಿಲ್ಲುವುದಿಲ್ಲ.

ಇನ್ನು ಡೇವಿಡ್ ತೋಳವಾಗುವ ದೃಶ್ಯ. ಇಂಥದ್ದನ್ನು ಸಾಮಾನ್ಯವಾಗಿ ಕತ್ತಲಲ್ಲಿ ಮುಚ್ಚಿಡುತ್ತಾರೆ. ಇಲ್ಲಿ ದೀಪ ಉರಿಯುತ್ತಿರುವ ಕೋಣೆಯಲ್ಲೇ ಎಲ್ಲಾ ಕಾಣುತ್ತದೆ. ಅಂಗೈ ಉದ್ದವಾಗುತ್ತದೆ, ಬೆನ್ನುಮೂಳೆ ಏಳುತ್ತದೆ, ಅವನು ನೋವಿನಿಂದ ಚೀರುತ್ತಾನೆ. ಹಿನ್ನೆಲೆಯಲ್ಲಿ ಹಿತವಾದ 'ಬ್ಲೂ ಮೂನ್' ಹಾಡು. ಹುಣ್ಣಿಮೆಗೆ ಮನುಷ್ಯ ತೋಳವಾಗುವ ಈ ಸಿನಿಮಾದ ಹಾಡುಗಳ ಹೆಸರಿನಲ್ಲೆಲ್ಲಾ ಮೂನ್, ಅಂದರೆ ಚಂದ್ರ ಇದ್ದಾನೆ ಎಂಬುದು ನನಗೆ ಎರಡನೇ ಸಲ ನೋಡಿದಾಗ ಹೊಳೆಯಿತು. ಈ ಕೆಲಸಕ್ಕೆ ರಿಕ್ ಬೇಕರ್ ಅವರಿಗೆ ಆಸ್ಕರ್ ಬಂತು. ಮೇಕಪ್ಪಿಗೆಂದೇ ಆಸ್ಕರ್ ವಿಭಾಗ ಶುರುವಾದ ಮೇಲೆ ಕೊಟ್ಟ ಮೊದಲ ಪ್ರಶಸ್ತಿ ಅದು.

ಹಾಗಾದರೆ ಯಾವುದು? ಗೆಳೆಯರು ಗುಂಪಾಗಿ ಕೂತಿದ್ದರೆ 'ಶಾನ್'. ಅದರಲ್ಲಿ ಹಿಂದೆ ಹೇಳಿದ ಮಾತೇ ಮುಂದೆ ಬೇರೆ ಅರ್ಥದಲ್ಲಿ ಬರುತ್ತಿರುತ್ತದೆ, ಅದನ್ನು ಹಿಡಿಯುವ ಖುಷಿ ಗುಂಪಿನಲ್ಲಿ ಜಾಸ್ತಿ. ಒಬ್ಬರೇ ಇದ್ದು, ಒಂಟಿತನದ ಒಂದು ಕಥೆ ಮನಸ್ಸಿಗೆ ತಟ್ಟಿದರೂ ಪರವಾಗಿಲ್ಲ ಅನ್ನುವ ರಾತ್ರಿಗೆ 'ವೇರ್‌ವುಲ್ಫ್'. ಅದರ ಕೊನೆ ತೀರಾ ಥಟ್ಟನೆ ಬರುತ್ತದೆ. ಸತ್ತವರು ಸೇರಿ ಡೇವಿಡ್‌ಗೆ ಸಾಯುವ ದಾರಿಗಳನ್ನು ಸೂಚಿಸುವ ಒಂದು ದೃಶ್ಯವೂ ಇದೆ. ಮನಸ್ಸು ಸರಿಯಿಲ್ಲದ ದಿನ ಅದನ್ನು ಹಾಕಬೇಡಿ.

ರಕ್ತವೇ ಕಾಮಿಡಿ ಆದಾಗ

ಈ ಬಗೆಯ ಸಿನಿಮಾಗಳಲ್ಲಿ ಭಯ ಎಷ್ಟು ಅತಿಯಾಗುತ್ತದೆ ಎಂದರೆ ಒಂದು ಹಂತದಲ್ಲಿ ನಗು ಬಂದುಬಿಡುತ್ತದೆ. ಸ್ಯಾಮ್ ರೈಮಿಯವರ 'ಈವಿಲ್ ಡೆಡ್ 2' (1987) ಇದರ ರಾಜ. ಬ್ರೂಸ್ ಕ್ಯಾಂಪ್‌ಬೆಲ್ ಮಾಡಿದ ಆ್ಯಶ್ ಪಾತ್ರದ ಸ್ವಂತ ಕೈಗೇ ದೆವ್ವ ಹಿಡಿಯುತ್ತದೆ. ಆ ಕೈ ಅವನ ತಲೆಯ ಮೇಲೆಯೇ ತಟ್ಟೆಗಳನ್ನು ಒಡೆಯುತ್ತದೆ. ಕೊನೆಗೆ ಗರಗಸದಿಂದ ಕೈ ಕತ್ತರಿಸಿ, ಬಕೆಟ್ ಕವುಚಿ, ಮೇಲೆ ಪುಸ್ತಕ ಹೇರುತ್ತಾನೆ. ಎಲ್ಲಕ್ಕಿಂತ ಮೇಲಿರುವುದು ಹೆಮಿಂಗ್ವೇ ಬರೆದ 'ಎ ಫೇರ್‌ವೆಲ್ ಟು ಆರ್ಮ್ಸ್'. ಆರ್ಮ್ಸ್ ಎಂದರೆ ಇಂಗ್ಲಿಷಿನಲ್ಲಿ ಆಯುಧವೂ ಹೌದು, ತೋಳುಗಳೂ ಹೌದು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಜೋಕು ಅದು.

ಪೀಟರ್ ಜಾಕ್ಸನ್ 'ಲಾರ್ಡ್ ಆಫ್ ದಿ ರಿಂಗ್ಸ್' ಮಾಡುವ ಎಷ್ಟೋ ವರ್ಷ ಮೊದಲು ಮಾಡಿದ 'ಬ್ರೈನ್‌ಡೆಡ್' (1992) ಇನ್ನೂ ಒಂದು ಕೈ ಮುಂದೆ. ನಾಯಕ ಹುಲ್ಲು ಕತ್ತರಿಸುವ ಯಂತ್ರವನ್ನು ಎದೆಗೆ ಅವುಚಿಕೊಂಡು ಜಾಂಬಿಗಳ ನಡುವೆ ನುಗ್ಗುತ್ತಾನೆ. ಮೊದಲು ರೈಮಿ ನೋಡಿ. ಅದು ಇಷ್ಟವಾದರೆ ಮಾತ್ರ ಇದಕ್ಕೆ ಬನ್ನಿ. ಇವೆರಡನ್ನೂ ಊಟದ ಹೊತ್ತಿಗೆ ಹಾಕಬೇಡಿ.

ಬೆರೆಸುವುದು, ಭಾಗ ಮಾಡುವುದು

ಭಾರತದ ಸಿನಿಮಾಗಳಲ್ಲಿ ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಕೆಲವು ಸಿನಿಮಾ ನಗು ಮತ್ತು ಭಯವನ್ನು ಬೆರೆಸುವುದಿಲ್ಲ, ಭಾಗ ಮಾಡುತ್ತವೆ. ರಾಘವ ಲಾರೆನ್ಸ್ ಅವರ ತಮಿಳಿನ 'ಕಾಂಚನಾ' (2011) ಅಂಥದ್ದು. ಮೊದಲರ್ಧದಲ್ಲಿ ಗಟ್ಟಿಮುಟ್ಟಾದ ನಾಯಕ ಕತ್ತಲಾದರೆ ಅಮ್ಮನ ಬೆನ್ನಿಗೆ ಅಂಟಿಕೊಳ್ಳುತ್ತಾನೆ. ಇಂಟರ್ವಲ್ ದಾಟಿದ ಮೇಲೆ ಅದು ಅನ್ಯಾಯವಾಗಿ ಸತ್ತವರ ಸೇಡಿನ ಕಥೆ. ಮನೆಮಂದಿಯೆಲ್ಲಾ ಕೂತು ಜೋರಾಗಿ ಕಿರುಚಿ ನಗುವುದಕ್ಕೆ ಇದು ಸರಿ. ಸೂಕ್ಷ್ಮ ಬಯಸಿದರೆ ನಿರಾಸೆ ಆದೀತು.

ಅಮರ್ ಕೌಶಿಕ್ ಅವರ ಹಿಂದಿಯ 'ಸ್ತ್ರೀ' (2018) ಬೆರೆಸುವ ಜಾತಿ. ಗೋಡೆಗಳ ಮೇಲೆ 'ಓ ಸ್ತ್ರೀ, ನಾಳೆ ಬಾ' ಎಂದು ಬರೆದುಕೊಂಡ ಊರು, ರಾತ್ರಿ ಒಬ್ಬರೇ ಹೊರಗೆ ಕಾಲಿಡಲು ನಡುಗುವ ಗಂಡಸರು. ಹೆಂಗಸರು ದಿನವೂ ಅನುಭವಿಸುವ ಭಯವನ್ನು ಗಂಡಸರ ಮೈಗೆ ತೊಡಿಸಿದ್ದೇ ಅದರ ಕಾಮಿಡಿ. ದೆವ್ವ ಮಾತ್ರ ಕೊನೆಯವರೆಗೂ ದೆವ್ವವಾಗಿಯೇ ಇರುತ್ತದೆ. ಕನ್ನಡದಲ್ಲಿ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' (2025) ಇನ್ನೊಂದು ತುದಿಯಲ್ಲಿದೆ. ಅಶೋಕನ ಮೈಮೇಲೆ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆ ಎಂದು ಊರಿಗೆ ಊರೇ ನಂಬುತ್ತದೆ. ಇಡೀ ಸಿನಿಮಾ ಓಡುವುದು ಆ ನಂಬಿಕೆಯ ಮೇಲೆ. ಭಯಕ್ಕಾಗಿ ನೋಡುವುದಾದರೆ 'ಸ್ತ್ರೀ', ಜನರ ಮಾತಿಗಾಗಿ ನೋಡುವುದಾದರೆ 'ಸು ಫ್ರಮ್ ಸೋ'. ಮಾತಿನ ರುಚಿ ಸಬ್‌ಟೈಟಲ್‌ನಲ್ಲಿ ಅರ್ಧ ಸೋರಿಹೋಗುತ್ತದೆ. ಹಾಗಾಗಿ ಕಾಮಿಡಿ ಮಾತಿನಿಂದಲೇ ಬರುವ ಸಿನಿಮಾ ಆರಿಸುವಾಗ ಗೊತ್ತಿರುವ ಭಾಷೆಯದ್ದು ಇರಲಿ. ಬೀಳುವುದು, ಓಡುವುದು, ಮುಖಭಾವ, ಇವುಗಳಿಂದ ನಗಿಸುವ ಸಿನಿಮಾಗೆ ಭಾಷೆ ಅಡ್ಡ ಬರುವುದಿಲ್ಲ.

ಹಾಕುವ ಮೊದಲು ಹೀಗೆ ಪರೀಕ್ಷಿಸಿ

ಟ್ರೇಲರ್ ನೋಡುವಾಗ ಜೋಕುಗಳನ್ನು ಲೆಕ್ಕ ಹಾಕಬೇಡಿ. ಟ್ರೇಲರ್ ಕತ್ತರಿಸುವವರು ಬೇಕೆಂದರೆ ಯಾವ ಸಿನಿಮಾವನ್ನೂ ಕಾಮಿಡಿ ಮಾಡಬಲ್ಲರು. ಅದರ ಬದಲು ದೆವ್ವ ಬರುವ ಕ್ಷಣದಲ್ಲಿ ಹಿನ್ನೆಲೆ ಸಂಗೀತ ಏನು ಮಾಡುತ್ತದೆ ಎಂದು ಕೇಳಿ. ದೆವ್ವ ಬಂದಾಗಲೂ ಸಂಗೀತ ಕುಣಿಯುತ್ತಿದ್ದರೆ ಅದು ಹಗುರ ಸಿನಿಮಾ. ದೆವ್ವ ಬಂದ ಕೂಡಲೇ ಸಂಗೀತ ನಿಂತುಹೋದರೆ ಹೆದರುವವರನ್ನು ಎಬ್ಬಿಸಿ ಕಳಿಸಿ.

ಪ್ರಶಸ್ತಿಯ ವಿಭಾಗವನ್ನೂ ನಂಬಬೇಡಿ. 2017ರ 'ಗೆಟ್ ಔಟ್' ಸಿನಿಮಾವನ್ನು ಗೋಲ್ಡನ್ ಗ್ಲೋಬ್‌ನಲ್ಲಿ ಕಾಮಿಡಿ ಮತ್ತು ಸಂಗೀತದ ವಿಭಾಗದಲ್ಲಿ ಇಟ್ಟಿದ್ದರು. ಅದರಲ್ಲಿ ನಗಿಸುವ ಗೆಳೆಯನೊಬ್ಬ ಇದ್ದಾನೆ, ನಿಜ. ಆದರೆ ಕಪ್ಪು ಜನರ ಮೇಲಿನ ದಬ್ಬಾಳಿಕೆಯ ಕಥೆ ಅದು, ಕಾಮಿಡಿ ಎಂದುಕೊಂಡು ಕೂರುವ ಸಿನಿಮಾ ಖಂಡಿತ ಅಲ್ಲ.

ಕೊನೆಯದಾಗಿ ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017). ಇದನ್ನು ಯಾವ ಗುಂಪಿಗೂ ಸೇರಿಸಲಿಲ್ಲ, ಸೇರಿಸಿದರೆ ಗುಟ್ಟು ಒಡೆಯುತ್ತದೆ. ಮೊದಲ 37 ನಿಮಿಷ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಜಾಂಬಿ ಸಿನಿಮಾ ಚಿತ್ರೀಕರಿಸುವ ತಂಡದ ಮೇಲೆ ನಿಜವಾದ ಜಾಂಬಿಗಳೇ ಎರಗುತ್ತವೆ. ನಟನೆ ಒರಟು. ನಡುನಡುವೆ ಪಾತ್ರಗಳು ಕಾರಣವಿಲ್ಲದೆ ನಿಂತು ಹವ್ಯಾಸದ ಬಗ್ಗೆ ಮಾತಾಡುತ್ತವೆ. ಲೆನ್ಸಿಗೆ ರಕ್ತ ಸಿಡಿದರೆ ಯಾರದೋ ಕೈ ಬಂದು ಒರೆಸುತ್ತದೆ. ಕ್ಯಾಮೆರಾ ಒಮ್ಮೆ ನೆಲದ ಮೇಲೆ ಬಿದ್ದು ಸುಮ್ಮನೆ ಇರುತ್ತದೆ. ನಿಲ್ಲಿಸಿಬಿಡೋಣ ಅನ್ನಿಸುತ್ತದೆ. ನಿಲ್ಲಿಸಬೇಡಿ. ಆ ಒರಟುತನ ಯಾಕೆ, ಆ ಕೈ ಯಾರದು, ಕ್ಯಾಮೆರಾ ಯಾಕೆ ಬಿತ್ತು, ಎಲ್ಲದಕ್ಕೂ ಮುಂದಿನ ಒಂದು ಗಂಟೆಯಲ್ಲಿ ಉತ್ತರ ಇದೆ.

ನನ್ನ ತಂಗಿಗೆ ಎರಡನೇ ಸಲ ಹಾಕಿದ್ದು ಇದನ್ನೇ. 30ನೇ ನಿಮಿಷಕ್ಕೆ "ಇದೇನೋ ಇದು, ಸಾಕು" ಎಂದಳು. "ಇನ್ನು ಏಳು ನಿಮಿಷ ಕೂತ್ಕೋ" ಎಂದೆ. ಕೊನೆಯ ಹೊತ್ತಿಗೆ ದಿಂಬನ್ನು ತಬ್ಬಿಕೊಂಡೇ ಕೂತಿದ್ದಳು, ಆದರೆ ನಗು ತಡೆಯಲಾಗದೆ.